ಹದಿನಾಲ್ಕು ಜೊತೆ ಹಸಿರು ಬಟ್ಟೆ

ಮೈಸೂರಿನ ಬನ್ನಿಮಂಟಪದ ಹಿಂದಿನ ಬೀದಿಯಲ್ಲಿ ಮಹದೇವು ಇಪ್ಪತ್ತು ವರ್ಷದಿಂದ ಹೊಲಿದದ್ದೆಲ್ಲ ಜನ ಕೆಲಸಕ್ಕೆ ಹಾಕಿಕೊಂಡು ಹೋಗುವ ಬಟ್ಟೆ. ಬಸ್ ಕಂಡಕ್ಟರುಗಳ ಖಾಕಿ, ಸ್ಕೂಲು ಮಕ್ಕಳ ನೀಲಿ ಲಂಗ, ಆಸ್ಪತ್ರೆಯವರ ಬಿಳಿ, ದಸರಾ ಹತ್ತಿರ ಬಂತೆಂದರೆ ಬ್ಯಾಂಡ್‌ಸೆಟ್ಟಿನವರ ಕೆಂಪು ಕೋಟು. ಮದುವೆ ಬಟ್ಟೆ ತಂದವರನ್ನು ಪಕ್ಕದ ಬೀದಿಗೆ ಕಳಿಸುತ್ತಿದ್ದ. "ಮದ್ವೆ ಷರ್ಟು ಒಂದಿನ ಚೆನ್ನಾಗಿ ಕಂಡ್ರೆ ಸಾಕು. ಯೂನಿಫಾರಂ ದಿನಾ ಕಾಣ್ಬೇಕು," ಎನ್ನುವುದು ಅವನ ಮಾತು. ಹೊಲಿಗೆಯ ವಿಷಯದಲ್ಲಿ ಅವನಿಗೆ ಸ್ವಲ್ಪ ಜಂಬವಿತ್ತು. ಇಂಥ ಬಟ್ಟೆ ಮಹದೇವುವಿನದೇ ಎಂದು ಜನ ಕಾಲರು ನೋಡಿ ಹೇಳುತ್ತಿದ್ದರು. ಅದನ್ನು ಕೇಳಿ ಅವನು ಕತ್ತಿನ ಟೇಪು ಸರಿಮಾಡಿಕೊಳ್ಳುತ್ತಿದ್ದ.

ತೊಂಬತ್ತಾರನೇ ಇಸವಿ, ಸಂಕ್ರಾಂತಿ ಕಳೆದು ಒಂದು ವಾರವಾಗಿತ್ತು. ಅದು ಕೈ ಖಾಲಿಯಿರುವ ಕಾಲ. ಸ್ಕೂಲು ಶುರುವಾಗುವುದು ಜೂನಿಗೆ, ದಸರಾ ಇನ್ನೂ ಆಚೆಗೆ. ಅಂಥ ಒಂದು ಮಧ್ಯಾಹ್ನ ಕುಳ್ಳಗಿನ ಒಬ್ಬ ಮನುಷ್ಯ ಹಸಿರು ಬಟ್ಟೆಯ ಥಾನು ಹೊತ್ತುಕೊಂಡು ಬಂದ. ಅವನು ಬಾಯಿ ತೆರೆದ ಕೂಡಲೇ ಮಹದೇವು ತಲೆಯೆತ್ತಿದ. ಹನೂರಿನಾಚೆಯ ಮಾತು, ತಾನು ಹುಟ್ಟಿದ ಕಾಡಂಚಿನ ಹಳ್ಳಿಯ ಮಾತು.

"ಎಸ್ಟೇಟ್ ಕಾವ್ಲಿನೋರ್ಗೆ ಹದ್ನಾಕು ಜೊತೆ ಬೇಕಾಗಿತ್ತು ಕಣಣ್ಣ. ಷರ್ಟು, ಪ್ಯಾಂಟು."

"ಅಳತೆ?"

"ಅಷ್ಟು ಜನನೂ ಬಸ್ಸಲ್ಲಿ ಕರ್ಕ ಬರಕಾದದ? ಚೀಟೀಲಿ ಬರ್ಸ್ಕ ಬಂದಿವ್ನಿ."

ಮಹದೇವು ಚೀಟಿ ನೋಡಿ ನಕ್ಕ. "ಇದ್ಯಾರಪ್ಪ ಅಳತೆ ತಗೊಂಡೋರು. ಹದ್ನಾಕು ಜನಕ್ಕೂ ಸೊಂಟ ಇಪ್ಪತ್ತೆಂಟು ದಾಟಿಲ್ಲ."

"ಎಸ್ಟೇಟ್ ಅನ್ನ ಉಂಡೋರ್ಗೆ ಸೊಂಟ ಎಲ್ಲಿಂದ ಬಂದದಣ್ಣ?"

ಇಬ್ಬರೂ ನಕ್ಕರು. ಟೀ ಬಂತು. ಯಾವ ಬೆಟ್ಟ, ಯಾವ ಹಳ್ಳ, ಯಾರ ಹೊಲದ ಪಕ್ಕ ಯಾರ ಹೊಲ ಎಂದು ಮಾತಾಯಿತು. ನಮ್ಮ ಕಡೆಯವನು ಎಂದಾದ ಮೇಲೆ ಬಿಲ್ಲಿಗೆ ಹೆಸರು ಹೇಳಿ, ವಿಳಾಸ ಕೊಡಿ ಎಂದು ಕೇಳುವುದು ಅವರಲ್ಲಿ ಮುಖಕ್ಕೆ ಹೊಡೆದ ಹಾಗೆ. ಉಂಡೆಯಾ ಎಂದು ಕೇಳಬಹುದು, ಹೆಸರನ್ನು ಅವನಾಗಿಯೇ ಹೇಳಬೇಕು. ಅವನು ಹೇಳಲಿಲ್ಲ. ಮಹದೇವು ಅಳತೆ ಪುಸ್ತಕದಲ್ಲಿ ಹೆಸರಿನ ಜಾಗದಲ್ಲಿ 'ನಮ್ಮ ಕಡೆಯವರು' ಎಂದು ಬರೆದು, ಥಾನಿನ ಅಂಚಿನಿಂದ ಒಂದು ಚೂರು ಕತ್ತರಿಸಿ ಹಾಳೆಗೆ ಪಿನ್ನು ಚುಚ್ಚಿದ.

ಬಂದವನು ಮಾದರಿಗೆಂದು ತಂದಿದ್ದ ಷರ್ಟು ನೋಡುವ ಹಾಗಿರಲಿಲ್ಲ. ಒಂದು ಜೇಬು ಮೇಲೆ, ಇನ್ನೊಂದು ಕೆಳಗೆ. ಅದೇ ಹೊತ್ತಿಗೆ ಮಹದೇವುವಿನ ಕಟಿಂಗ್ ಮೇಜಿನ ಮೇಲೆ ಕುಮಾರನ ಷರ್ಟು ಬಿಚ್ಚಿಕೊಂಡು ಬಿದ್ದಿತ್ತು. ಕುಮಾರನೆಂದರೆ ಮೂರನೇ ಮನೆಯ ಬೆಟ್ಟಮ್ಮನ ಒಬ್ಬನೇ ಮಗ. ಸೊಪ್ಪು ಮಾರಿ ಓದಿಸಿದ ತಾಯಿಗೆ ಪೊಲೀಸು ಕೆಲಸ ಹಿಡಿದು ತೋರಿಸಿದವನು. ಬೆಟ್ಟದ ಕಾಡಿನ ಡ್ಯೂಟಿಗೆ ಹಾಕಿದ್ದರು. ಅಲ್ಲಿಗೆಂದು ಕೊಟ್ಟ ಹಸಿರು ಷರ್ಟು ಅವನ ಮೈಮೇಲೆ ಗೂಟಕ್ಕೆ ಸಿಕ್ಕಿಸಿದಂತಿತ್ತು. "ನಾವೆಲ್ಲ ಒಂದೇ ಅಪ್ಪನ್ ಮಕ್ಳು ಅಂತ ಒಂದೇ ಸೈಜ್ ಹೊಲ್ಸವ್ರೆ ಮಾದೇವಣ್ಣ, ವಸಿ ಹಿಡ್ದು ಕೊಡು," ಎಂದು ಹೇಳಿ ಹೋಗಿದ್ದ.

ಬಂದವನು ಆ ಷರ್ಟನ್ನು ಬೆರಳಲ್ಲಿ ಮುಟ್ಟಿ ನೋಡಿದ. "ಇದು ಚೆಂದಾಗದಲ್ಲಣ್ಣ. ಇಂಗೇ ಮಾಡ್ಬುಡಿ."

ಮಹದೇವು ಇಲ್ಲವೆನ್ನಬಹುದಿತ್ತು. ಅವನ ಬಾಯಿಂದ ಬಂದದ್ದು ಬೇರೆ. "ಮತ್ತಿನ್ನೇನು, ನೀವ್ ತಂದಿರೋ ಈ ಗೋಣಿಚೀಲದ ಥರ ಹೊಲೀಲಾ?"

ಹೇಗೂ ಹೊಲಿಗೆ ಬಿಚ್ಚಿದ್ದ ಷರ್ಟು. ಬೆನ್ನು, ಎದೆ, ತೋಳು, ಭುಜದ ಪಟ್ಟಿ, ನಡುವೆ ಮಡಿಕೆಯಿದ್ದ ಜೇಬು, ಎಲ್ಲವನ್ನೂ ಹಳೆಯ ಪೇಪರಿನ ಮೇಲೆ ಹರಡಿ, ಪೆನ್ಸಿಲಿನಲ್ಲಿ ಗೀಚಿ, ಪಡಿಯಚ್ಚು ಕತ್ತರಿಸಿಕೊಂಡ. ಕುಮಾರನಿಗೆ ಹೇಳಲಿಲ್ಲ. ಹೇಳುವಂಥದ್ದೇನಿದೆ ಎಂದುಕೊಂಡ.

ಹದಿನೆಂಟು ದಿನದ ಕೆಲಸ. ಕಾಜಾ ಹಾಕಿ ಗುಂಡಿ ಕಟ್ಟಲು ಬರುತ್ತಿದ್ದ ಲಕ್ಷ್ಮಮ್ಮ ಒಂದು ದಿನ ಪ್ಯಾಂಟು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಮಂಡಿಯ ಹತ್ತಿರ ಎರಡು ಪದರ ಬಟ್ಟೆ ಕೊಡಬೇಕೆಂದು ಬಂದವನು ಒತ್ತಿ ಹೇಳಿದ್ದ.

"ಕಾವ್ಲಿನೋರು ಕುರ್ಚಿ ಮೇಲೆ ಕೂತ್ಕೋತಾರಲ್ಲಣ್ಣ. ಮಂಡಿ ಊರೋದು ಯಾತಕ್ಕೆ?"

"ಎಸ್ಟೇಟಲ್ಲಿ ಮುಳ್ಳಿರ್ತದೆ."

"ಮುಳ್ಳು ಮಂಡಿಗೆ ಮಾತ್ರ ಚುಚ್ತದಾ?"

"ಲಕ್ಷ್ಮಮ್ಮ, ಗುಂಡಿ ಕಟ್ಟಮ್ಮ."

ಅವಳು ಗುಂಡಿ ಕಟ್ಟಿದಳು. ಮಹದೇವು ಪೆಡಲು ತುಳಿದ. ಆದರೆ ಅವತ್ತು ಮಧ್ಯಾಹ್ನ ಹೆಂಡತಿ ಪುಟ್ಟಮಾದಮ್ಮ ಕಳಿಸಿದ್ದ ಬುತ್ತಿಯನ್ನು ಅರ್ಧಕ್ಕೇ ಮುಚ್ಚಿಟ್ಟ.

ಗೊತ್ತಿರಲಿಲ್ಲವೆಂದು ಹೇಗೆ ಹೇಳುವುದು? ಆ ವರ್ಷ ಪೇಪರು ಓದುವ ಎಲ್ಲರಿಗೂ ಗೊತ್ತಿತ್ತು. ನಾಲ್ಕು ವರ್ಷದ ಹಿಂದೆಯೇ ಗಡಿಯಾಚೆಯಿಂದ ಬಂದೂಕಿನ ಹುಡುಗರ ಗುಂಪೊಂದು ಬೆಟ್ಟದ ಕಾಡು ಹೊಕ್ಕಿತ್ತು. ಅವರು ಯಾವುದೋ ನಾಡು ಬಿಡಿಸುತ್ತಾರಂತೆ. ಬಿಡಿಸುವುದಕ್ಕೆ ಮೊದಲು ಸೇತುವೆ ಸಿಡಿಸಿದರು, ಅರಣ್ಯದ ಗಾರ್ಡನ್ನು ಹೊತ್ತುಕೊಂಡು ಹೋದರು. ಅಲ್ಲಿಂದಾಚೆಗೆ ಬೆಟ್ಟದ ದಾರಿಯ ಬಸ್ಸು ಸಂಜೆ ನಾಲ್ಕಕ್ಕೆ ನಿಲ್ಲುತ್ತಿತ್ತು. ಸಂತೆ ಮೂರು ತಿಂಗಳಿಂದ ಸೇರಿರಲಿಲ್ಲ. ಊರಿನಲ್ಲಿದ್ದ ಮಹದೇವುವಿನ ಅಕ್ಕ ಹಬ್ಬಕ್ಕೆ ಬಂದಾಗ ಹೇಳಿದ್ದಳು: "ಕತ್ಲಾದ್ರೆ ಅವ್ರಿಗೆ ಹಿಟ್ಟು ಬೇಯ್ಸಿ ಇಕ್ಬೇಕು, ಬೆಳ್ಗಾದ್ರೆ ಯಾಕಿಕ್ದೆ ಅಂತ ಈ ಪೊಲೀಸ್ನೋರ ತಾವ ಏಟು ತಿನ್ಬೇಕು. ಊರಲ್ಲಿ ಈಗ ಯಾರ್ ಮನೇಲೂ ನಾಯಿ ಸಾಕಕಿಲ್ಲ ಕಣಪ್ಪ. ಬೊಗುಳ್ತು ಅಂದ್ರೆ ಇಬ್ರೂ ಬಾಗ್ಲಿಗೆ ಬತ್ತಾರೆ."

ಇಷ್ಟು ಗೊತ್ತಿದ್ದವನು ಹದಿನಾಲ್ಕು ಜೊತೆಯನ್ನೂ ಇಸ್ತ್ರಿ ಮಾಡಿ, ಅಚ್ಚುಕಟ್ಟಾಗಿ ಮಡಿಸಿ ಕೊಟ್ಟ. ಬಂದವನು ಒಂದು ಷರ್ಟು ಬಿಡಿಸಿ ಹಿಡಿದು, "ಸ್ಯಾಂಪಲ್ಗಿಂತ ಚೆಂದಾಗ್ಬುಡ್ತು," ಎಂದ. ಮಹದೇವುವಿಗೆ ಆ ಕ್ಷಣ ಹಿತವಾಯಿತು. ಆಮೇಲೆ ತಿಂಗಳುಗಟ್ಟಲೆ ಅವನನ್ನು ತಿಂದದ್ದು ಆ ಹಿತವೇ.

ಜೂನ್ ತಿಂಗಳ ಎರಡನೇ ವಾರ ಕಾಡಿನವರು ಬೆಟ್ಟದ ತಿರುವೊಂದರಲ್ಲಿ ಪೊಲೀಸ್ ಜೀಪನ್ನು ಅಡ್ಡಗಟ್ಟಿ ಮೂವರನ್ನು ಕೊಂದರು. ಮೂವರಲ್ಲಿ ಕುಮಾರನೊಬ್ಬ. ಜೀಪು ಓಡಿಸುತ್ತಿದ್ದ ಚೆಲುವಯ್ಯ ತೋಳಿಗೆ ಗುಂಡು ತಾಗಿ ಹಳ್ಳಕ್ಕೆ ಉರುಳಿ ಉಳಿದ.

ಕುಮಾರನ ಹನ್ನೊಂದನೇ ದಿನದ ತಿಥಿಗೆ ಚೆಲುವಯ್ಯ ಬಂದ. ತೋಳಿಗೆ ಬಿಳಿ ಪಟ್ಟಿ, ಮುಖದಲ್ಲಿ ವಾರದ ಗಡ್ಡ. ಬಡಿಸುತ್ತಿದ್ದ ಮಹದೇವು ಸಾರಿನ ಬಕೆಟ್ಟು ಹಿಡಿದು ಎರಡು ಮಾರು ದೂರದಲ್ಲಿ ನಿಂತಿದ್ದ. ಚೆಲುವಯ್ಯ ಬೆಟ್ಟಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತ.

"ನಾಕು ಜನ ರಸ್ತೇಲಿ ನಿಂತು ಕೈ ಅಡ್ಡ ಹಿಡುದ್ರು ಕಣವ್ವ. ಷರ್ಟು ನೋಡ್ದೆ. ಜೇಬು, ಭುಜದ್ ಪಟ್ಟಿ, ಎಲ್ಲಾ ನಮ್ದೇ. ನಮ್ಮೋರೇ ಅನ್ಕೊಂಡು ನಿಲ್ಸ್ಬುಟ್ಟೆ. ಕುಮಾರನೂ ನೋಡ್ದ. 'ನಮ್ ಬ್ಯಾಚ್ನೋರು, ಸೈಡಿಗ್ ಹಾಕಣ್ಣ' ಅಂದ."

"ನನ್ ಮಗನ್ ಮ್ಯಾಲೆ ಹಾಕ್ಬ್ಯಾಡ," ಎಂದಳು ಬೆಟ್ಟಮ್ಮ.

"ಇಲ್ಲ ಕಣವ್ವ, ನಾನ್ ಅಂಗಲ್ಲ ಹೇಳಿದ್ದು..."

"ಮೂರ್ ಜನ ಸತ್ರು, ನೀ ಎಂಗ್ ಉಳ್ಕಂಡೆ?"

ಚೆಲುವಯ್ಯ ಎದ್ದು ಹೊರಟಾಗ ಬೆಟ್ಟಮ್ಮ ಅಂಗಳಕ್ಕೆ ಬಂದು ಬಗ್ಗಿ, ಎರಡು ಕೈಯಲ್ಲೂ ಮಣ್ಣು ಬಾಚಿ ಅವನ ಬೆನ್ನಿಗೆ ತೂರಿದಳು. "ನಿನ್ ಮನೆ ಮಣ್ಣಾಗ" ಎಂದಳು. ಚೆಲುವಯ್ಯ ಮಣ್ಣನ್ನು ಕೊಡವಿಕೊಳ್ಳಲೂ ಇಲ್ಲ, ಹಾಗೇ ನಡೆದುಹೋದ. ಮಹದೇವುವಿನ ಕೈಯ ಸೌಟು ಬಕೆಟ್ಟಿನಲ್ಲಿ ಮುಳುಗಿ ಹೋಗಿತ್ತು.

ಅಂಗಡಿಗೆ ಬಂದು ಅವನು ಮಾಡಿದ ಮೊದಲ ಕೆಲಸ, ಪೇಪರಿನ ಪಡಿಯಚ್ಚನ್ನು ಚೂರು ಮಾಡಿ ಇಸ್ತ್ರಿ ಪೆಟ್ಟಿಗೆಯ ಕೆಂಡಕ್ಕೆ ಹಾಕಿದ್ದು. ಅಳತೆ ಪುಸ್ತಕದ ಹಾಳೆಯನ್ನೂ ಹರಿಯಲು ಹೋದ. ಹಿಂಬದಿಯಲ್ಲಿ ಕಂಡಕ್ಟರುಗಳ ಅಳತೆಯಿತ್ತು. ಅದೊಂದು ನೆಪ ಸಿಕ್ಕಿ ಬಿಟ್ಟ. ಲಕ್ಷ್ಮಮ್ಮ ಮೂಲೆಯಲ್ಲಿ ಸೂಜಿಗೆ ದಾರ ಪೋಣಿಸುತ್ತ, ಪೋಣಿಸುತ್ತ, ತಲೆಯೆತ್ತಲಿಲ್ಲ.

ಇಲಾಖೆಯ ತನಿಖೆ ಶುರುವಾಯಿತು. ಕಾಡಿನ ಆ ಹುಡುಗರ ಫೋಟೋಗಳು ಪೊಲೀಸರ ಬಳಿ ಇದ್ದವು, ಎಲ್ಲದರಲ್ಲೂ ಲುಂಗಿ, ಹರಕಲು ಬನಿಯನ್ನು. ಅಂಥವರಿಗೆ ಪಟ್ಟಿ, ಜೇಬಿನ ಸಮೇತ ಅಷ್ಟು ಸರಿಯಾದ ಸಮವಸ್ತ್ರ ಎಲ್ಲಿಂದ ಬಂತು ಎಂದು ಚೆಲುವಯ್ಯನನ್ನೇ ಕೇಳಿದರು. ಅವನು ಕಂಡದ್ದನ್ನು ಕಂಡೆ ಎಂದ. ಸುಳ್ಳು ಹೇಳುತ್ತಾನೆ, ಮೊದಲೇ ಮಾತಾಡಿಕೊಂಡು ಜೀಪು ನಿಲ್ಲಿಸಿದ್ದಾನೆ ಎಂದು ಸುದ್ದಿಯಾಯಿತು. ಸಸ್ಪೆಂಡ್ ಮಾಡಿದರು. ಅವನು ಕ್ವಾರ್ಟರ್ಸ್ ಬಿಟ್ಟು ವಿಜಯನಗರದ ಹೊಸ ಬಡಾವಣೆಯಲ್ಲಿ, ಇನ್ನೂ ಗಾರೆ ಕಾಣದ ಒಂದು ಮನೆಯ ಹಿಂಭಾಗಕ್ಕೆ ಸಂಸಾರ ಸಾಗಿಸಿದ.

ಚೆಲುವಯ್ಯ ಸುಳ್ಳು ಹೇಳುತ್ತಿಲ್ಲವೆಂದು ಮೈಸೂರಿನಲ್ಲಿ ಖಚಿತವಾಗಿ ಗೊತ್ತಿದ್ದದ್ದು ಒಬ್ಬನಿಗೆ. ಆ ಒಬ್ಬ ದಿನಾ ಬೆಳಗ್ಗೆ ಎಂಟಕ್ಕೆ ಅಂಗಡಿ ಬಾಗಿಲು ತೆಗೆದು, ದೀಪ ಹಚ್ಚಿ, ಖಾಕಿ ಕತ್ತರಿಸುತ್ತಿದ್ದ.

ಹೇಳಿದರೇನಾಗುತ್ತದೆ ಎಂಬುದನ್ನೂ ಅವನು ಲೆಕ್ಕ ಹಾಕಿಯೇ ಇದ್ದ. ಕಾಡಿನವರಿಗೆ ಒಂದು ಮೂಟೆ ರಾಗಿ ಮಾರಿದ್ದಕ್ಕೆ ಅವನ ಊರಿನ ಇಬ್ಬರು ಜಾಮೀನಿಲ್ಲದೆ ಮೂರು ವರ್ಷದಿಂದ ಜೈಲಿನಲ್ಲಿದ್ದರು. ಮಗಳು ಚೈತನ್ಯಾ ಹತ್ತನೇ ಕ್ಲಾಸು. ಅಪ್ಪ ಒಳಗೆ ಹೋದರೆ ಅವಳ ಫೀಸು, ಪರೀಕ್ಷೆ, ಆಮೇಲಿನ ಮದುವೆ. ಒಬ್ಬ ಡ್ರೈವರಿನ ಸಸ್ಪೆನ್ಷನ್ನು ಇವತ್ತಲ್ಲ ನಾಳೆ ತೆರವಾಗುತ್ತದೆ, ಅವನಿಗೆ ಸಂಘವಿದೆ, ಸಾಹೇಬರಿದ್ದಾರೆ. ಹೀಗೆಲ್ಲ ಅವನು ತನ್ನ ಮನಸ್ಸನ್ನು ಒಪ್ಪಿಸುತ್ತಿದ್ದ. ಸಂಜೆ ಊಟಕ್ಕೆ ಕೂತಾಗ ಒಪ್ಪಿದ್ದೆಲ್ಲ ಬಿಚ್ಚಿಹೋಗುತ್ತಿತ್ತು.

ಒಂದು ಸಂಜೆ ಚೈತನ್ಯಾ ಮುದ್ದೆ ಮುರಿಯುತ್ತಾ ಹೇಳಿದಳು. "ಅಪ್ಪ, ಆ ಜೀಪ್ ಡ್ರೈವರ್ ಮಗಳು ನಮ್ ಕ್ಲಾಸೇ. ವಿಜಯನಗರದಿಂದ ಎರಡು ಬಸ್ ಹತ್ತಿ ಬರ್ತಾಳೆ. ಅವಳ ಪಕ್ಕ ಯಾರೂ ಕೂರಲ್ಲ."

"ನೀನು?"

"ನಾನೂ ಕೂರಲ್ಲ. ಕುಮಾರಣ್ಣನ್ನ ಸಾಯಿಸಿದ್ದು ಅವರಪ್ಪ ಅಲ್ವಾ?"

"ಏನ್ರೀ, ಯಾಕೆ ಕೈ ತೊಳ್ಕೊಂಡ್ಬುಟ್ರಿ?" ಎಂದಳು ಪುಟ್ಟಮಾದಮ್ಮ. "ಉಪ್ಪು ಜಾಸ್ತಿ ಆಯ್ತಾ?"

"ಇಲ್ಲ, ಸರಿಯಾಗದೆ."

ಹೀಗೆ ಆಷಾಢ ಹೋಯಿತು, ಶ್ರಾವಣ ಹೋಯಿತು, ಗಣೇಶ ಬಂದು ಮುಳುಗಿದ. ಹಿರಿಯರ ಹಬ್ಬಕ್ಕೆ ಹದಿನೈದು ದಿನವಿದೆ ಎನ್ನುವಾಗ ಬೆಟ್ಟಮ್ಮ ಅಂಗಡಿಗೆ ಬಂದಳು. ಸೆರಗಿನೊಳಗಿನಿಂದ ಒಂದು ಪೊಟ್ಟಣ ತೆಗೆದು ಕಟಿಂಗ್ ಮೇಜಿನ ಮೇಲಿಟ್ಟಳು. ಹಸಿರು ಬಟ್ಟೆ.

"ಮಾಳಯ ಅಮಾಸೆಗೆ ಮಗಂಗೆ ಎಡೆ ಇಕ್ತೀನಿ ಕಣ್ ಮಾದೇವು. ವರ್ಷ ತುಂಬ್ದೆ ಇಕ್ಬಾರ್ದು ಅಂತವ್ರೆ ನೆಂಟ್ರು. ಅವ್ರ್ ಮಾತು ಯಾರ್ಗ್ ಬೇಕು. ಓದ್ ವರ್ಷ ಅವರಪ್ಪಂಗೆ ಪಂಚೆ ಮಡುಗ್ದಾಗ, 'ನಂಗಾದ್ರೆ ಯೂನಿಫಾರಂ ಮಡುಗು ಕಣವ್ವ' ಅಂತ ತಮಾಸೆ ಮಾಡಿದ್ದ, ಮುಂಡೇದು. ಒಂದು ಜೊತೆ ಒಲ್ಕೊಡು. ಅವನ್ ಅಳತೆ ನಿನ್ ಪುಸ್ತಕ್ದಲ್ಲಿ ಇದ್ದೇ ಅದಲ್ಲ."

ಸತ್ತವರಿಗೆ ಹೊಸ ಬಟ್ಟೆಯಿಟ್ಟು, ಇಷ್ಟದ ಅಡುಗೆ ಬಡಿಸಿ, ಬಾಗಿಲು ಮುಂದೆ ಮಾಡಿ ಹೊರಗೆ ಕೂರುವುದು ಅವರೆಲ್ಲರ ಮನೆಯ ಪದ್ಧತಿ. ಬಂದು ಉಟ್ಟು, ಉಂಡು ಹೋಗುತ್ತಾರೆಂದು ನಂಬಿಕೆ. ಮಹದೇವು ಆಗಲಿ ಎಂದ. ಬೇರೇನು ಹೇಳುವುದು?

ಪುಸ್ತಕ ತೆಗೆದರೆ ಕುಮಾರನ ಅಳತೆಯಿದ್ದ ಹಾಳೆಯ ಎದುರಿಗೇ 'ನಮ್ಮ ಕಡೆಯವರು' ಇದ್ದರು. ಬಟ್ಟೆ ಹರಡಿದ. ಚಾಕಿನಿಂದ ಭುಜದ ಗೆರೆ ಎಳೆದ. ಕತ್ತರಿ ಬಾಯಿ ತೆರೆಯಿತು, ಬಟ್ಟೆಗೆ ಇಳಿಯಲಿಲ್ಲ. ನಾಳೆ ಎಂದು ಮಡಿಸಿಟ್ಟ. ಮಾರನೇ ದಿನವೂ ಹಾಗೇ. ಗೆರೆ ಅಳಿಸಿ ಅಳಿಸಿ ಹಸಿರು ಬಟ್ಟೆ ಅಲ್ಲಲ್ಲಿ ಬೆಳ್ಳಗಾಯಿತು. ಬೆಟ್ಟಮ್ಮ ಬುಟ್ಟಿ ಹೊತ್ತು ಹೋಗುವಾಗ ಎರಡು ಸಲ ಕೇಳಿದಳು. ದಸರಾ ಬ್ಯಾಂಡಿನವರ ಕೋಟು ತೋರಿಸಿ ಕೈ ಬಿಡುವಿಲ್ಲ ಎಂದ.

ಅಮಾವಾಸ್ಯೆಯ ಹಿಂದಿನ ಬೆಳಗ್ಗೆ ಅವಳು ಬಂದು ಸ್ಟೂಲಿನ ಮೇಲೆ ಕೂತೇಬಿಟ್ಟಳು. "ನಿನ್ ಮುಂದೇನೇ ಕೂತ್ಕತೀನಿ. ಒಲಿ."

ಮಹದೇವು ಮಿಷನ್ನಿಗೆ ದಾರ ಹಾಕಿದ, ತೆಗೆದ, ಹಾಕಿದ.

"ಏನಾಗದೆ ನಿಂಗೆ? ಕಣ್ಣು ಕಾಣಾಕಿಲ್ವಾ?"

"ಬೆಟ್ಟಮ್ಮಕ್ಕ, ಈ ಕೈಲಿ ಹೊಲ್ದಿದ್ದು ಕುಮಾರಂಗೆ ಇಡ್ಬೇಡ."

"ಯಾಕಪ್ಪ?"

ಅವನು ಹೇಳಿದ. ಬಂದವನು, ಹದಿನಾಲ್ಕು ಜೊತೆ, ಕುಮಾರನ ಷರ್ಟಿನಿಂದ ತೆಗೆದ ಪಡಿಯಚ್ಚು. ನಡುವೆ ನಿಲ್ಲಿಸದೆ, ಮಿಷನ್ನಿನ ಚಕ್ರ ನೋಡುತ್ತಾ ಹೇಳಿದ. ಎಸ್ಟೇಟಿನವರಿಗೆ ಎಂದು ನಂಬಿದ್ದೆ ಎಂದ. ಆ ಮಾತು ಹೇಳುವಾಗ ಮೂಲೆಯಲ್ಲಿ ಲಕ್ಷ್ಮಮ್ಮನ ಸೂಜಿ ನಿಂತಿತು.

ಹೊರಗೆ ದಸರಾಕ್ಕೆ ಬಂದ ಪೊಲೀಸ್ ಕುದುರೆಗಳು ಅಭ್ಯಾಸ ಮುಗಿಸಿ ಮೈದಾನದ ಕಡೆಯಿಂದ ಹೋದವು.

"ಅಂಗಾರೆ ಆ ಡ್ರೈವರು ಯೋಳಿದ್ದು ದಿಟ."

"ದಿಟ."

"ಹೆಣ್ಮಗು ಇರೋನ್ ಮ್ಯಾಲೆ ಮಣ್ ತೂರ್ಬುಟ್ನಲ್ಲೋ." ಅವಳು ತನ್ನ ಕೈಗಳನ್ನೇ ನೋಡಿಕೊಂಡಳು. "ನೀನು ಅಲ್ಲೇ ಇದ್ದೆ. ಬಕೀಟ್ ಇಡ್ಕಂಡ್ ನಿಂತಿದ್ದೆ."

"ಇದ್ದೆ ಕಣಕ್ಕ."

"ನನ್ ಕೈಲಿ ತೂರುಸ್ದೆ."

ಎದ್ದು, ಮೇಜಿನ ಮೇಲಿದ್ದ ಬಟ್ಟೆಯನ್ನು ಕಂಕುಳಿಗೆ ಸೇರಿಸಿದಳು. ಮಹದೇವು ಅವಳ ಕಾಲಿಗೆ ಬಗ್ಗಲು ಹೋದರೆ ಹಿಂದಕ್ಕೆ ಸರಿದಳು.

"ನಂಗ್ಯಾಕ್ ಯೋಳ್ತೀಯ? ನಾನು ಸರಿ ಬುಡು ಅಂದ್ರೆ ನಿಂಗೆ ನಿದ್ದೆ ಬತ್ತದೆ, ಅದಕ್ಕಾ? ನಾನು ಅನ್ನಾಕಿಲ್ಲ. ಓಗಿ ಆ ಡ್ರೈವರ್ಗೆ ಯೋಳು. ನಿನ್ ಜೊತೆ ನಾ ಬರಾಕಿಲ್ಲ."

ಅವಳು ಹೋದ ಮೇಲೆ ಮಹದೇವು ಅಳತೆ ಪುಸ್ತಕವನ್ನು ಚೀಲಕ್ಕೆ ಹಾಕಿ, ಅಂಗಡಿ ಬೀಗ ಲಕ್ಷ್ಮಮ್ಮನ ಕೈಗೆ ಕೊಟ್ಟ. ಅವಳು ತೆಗೆದುಕೊಂಡಳು. "ನಾನೂ ಕೇಳಿ ಸುಮ್ಕಾಗ್ಬುಟ್ಟೆ ಕಣಣ್ಣ," ಎಂದಳು. ಮನೆಯ ಮುಂದೆ ಹಾದು ಹೋಗುವಾಗ ಪುಟ್ಟಮಾದಮ್ಮ ಹಬ್ಬಕ್ಕೆಂದು ಗೋಡೆಗೆ ಸುಣ್ಣ ಬಳಿಯುತ್ತಿದ್ದಳು. ಬೆನ್ನು ಇತ್ತ ಕಡೆಗಿತ್ತು. ಕರೆಯಲಿಲ್ಲ. ಕರೆದರೆ ನಿಂತುಬಿಡುತ್ತಿದ್ದ.

ವಿಜಯನಗರದ ಕೊನೇ ಸ್ಟಾಪಿನಲ್ಲಿ ಇಳಿದು, ಕಲ್ಲುಕಂಬ ನೆಟ್ಟ ಖಾಲಿ ಸೈಟುಗಳನ್ನು ದಾಟಿ, ಕೇಳಿಕೊಂಡು ಹೋದ. ಚೆಲುವಯ್ಯನೇ ಬಾಗಿಲು ತೆಗೆದ. ತೋಳಿನ ಗಾಯ ಮಾಗಿ ಕೈ ಸ್ವಲ್ಪ ಸೊಟ್ಟಗಿತ್ತು. ಮಹದೇವು ಹೊಸ್ತಿಲಾಚೆಗೇ ನಿಂತು ಎರಡನೇ ಸಲ ಎಲ್ಲವನ್ನೂ ಹೇಳಿ, ಪುಸ್ತಕ ತೆರೆದು ಪಿನ್ನು ಚುಚ್ಚಿದ ಚೂರನ್ನು ತೋರಿಸಿದ.

ಹೊಡೆಯುತ್ತಾನೆಂದು ಕಾದ. ಚೆಲುವಯ್ಯ ಹೊಡೆಯಲಿಲ್ಲ. ಬಟ್ಟೆಯ ಚೂರನ್ನು ಮುಟ್ಟಿದ.

"ಜೇಬಿನ ಮಧ್ಯ ಮಡಿಕೆ ಇತ್ತಲ್ವಾ?"

"ಇತ್ತು."

"ಭುಜಕ್ಕೆ ಪಟ್ಟಿ?"

"ಇತ್ತು. ನಾನೇ ಹೊಲ್ದಿದ್ದು."

"ನಾಕು ತಿಂಗ್ಳಿಂದ ಎಲ್ರೂ ಇಲ್ಲ ಇಲ್ಲ ಅಂದೂ ಅಂದೂ, ನಂಗೇ ಅನುಮಾನ ಬಂದ್ಬುಟ್ಟಿತ್ತು ಕಣ್ರೀ. ಲುಂಗೀನೇ ಉಟ್ಟಿದ್ರೇನೋ, ನಾನೇ ಏನೋ ಕಂಡ್ನೇನೋ ಅಂತ." ಅವನು ಬಾಗಿಲಿನಿಂದ ಪಕ್ಕಕ್ಕೆ ಸರಿದ. "ಇನ್ನೊಂದ್ಸಲ ಹೇಳಿ. ಒಳಗೆ ಬನ್ನಿ. ನನ್ ಹೆಂಡ್ತಿ ಮುಂದೆ ಹೇಳಿ."

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಗೋಡೆಗೆ ಆತು ನಿಂತಳು. ಮಹದೇವು ಮೂರನೇ ಸಲ ಹೇಳಿದ. ಅವಳು ಗಂಡನ ಮುಖ ನೋಡಲಿಲ್ಲ. ಅವಳೂ ನಂಬಿರಲಿಲ್ಲವೆಂದು ಮಹದೇವುವಿಗೆ ಅರ್ಥವಾಯಿತು. ಹೇಳಿ ಮುಗಿದಾಗ ಅವಳು ಮೆತ್ತಗೆ ಕೇಳಿದಳು. "ನಿಮಗೆ ಗೊತ್ತಿರ್ಲಿಲ್ಲ, ಅಲ್ವಾ ಅಣ್ಣ? ಪಾಪ, ನೀವು ಹೊಟ್ಟೆಪಾಡಿಗೆ ಹೊಲ್ದಿದ್ದು."

ಹೂಂ ಅಂದರೆ ಮುಗಿಯುತ್ತಿತ್ತು. ಪಾರಾಗುವ ಬಾಗಿಲನ್ನು ಅವಳೇ ತೆರೆದು ಹಿಡಿದಿದ್ದಳು.

"ಅನುಮಾನ ಇತ್ತು ಕಣಮ್ಮ," ಎಂದ ಮಹದೇವು. "ಕೇಳಿದ್ರೆ ಕೆಲಸ ತಪ್ಪೋಗ್ತದೆ ಅಂತ ಕೇಳ್ಲಿಲ್ಲ. ಅವನು ಹೊಗಳ್ದಾಗ ಖುಷಿನೂ ಆಯ್ತು."

ಒಲೆಯ ಮೇಲೆ ಏನೋ ಉಕ್ಕುತ್ತಿತ್ತು, ಅವಳು ಒಳಗೆ ಹೋಗಲಿಲ್ಲ. ಚೆಲುವಯ್ಯ ಗೋಡೆಯ ಕ್ಯಾಲೆಂಡರ್ ನೋಡಿದ.

"ಸೋಮವಾರ ತನಿಖೆ ಅದೆ. ಸಾಹೇಬ್ರು ಬರ್ತಾರೆ. ಹಬ್ಬ ಮುಗ್ಸಿ, ಮನೇಲಿ ಹೇಳಿ, ಅವತ್ತು ಬಂದ್ರೆ ಸಾಕು."

ಮಹದೇವು ಚೀಲವನ್ನು ಹೆಗಲಿಗೆ ಏರಿಸಿಕೊಂಡ.

"ಸೋಮ್ವಾರ ಬೇಡ. ಈಗ್ಲೇ ನಡೀರಿ, ಸ್ಟೇಷನ್ನಲ್ಲಿ ಯಾರಿರ್ತಾರೋ ಅವರ ಹತ್ರಾನೇ. ಮನೇಗ್ ಹೋಗಿ ಮಗಳ ಮುಖ ನೋಡಿದ್ರೆ ನಾನು ಬರಲ್ಲ."